ವಾದ ಪ್ರಬಂಧ ಬರೆಯುವುದು ಹೇಗೆ? ನಿಲುವು, ಪುರಾವೆ, ಕೊಂಡಿ, ಎದುರುವಾದ: ಒಂದೊಂದೇ ಹಂತವಾಗಿ

ಮುಂಬೈಯ ಒಂದು ಕನ್ನಡ ಸಂಘದಲ್ಲಿ ಭಾನುವಾರ ಬರವಣಿಗೆ ತರಗತಿ ನಡೆಯುತ್ತದೆ. ಅಲ್ಲಿ ಬರುವ ಪ್ರಬಂಧಗಳನ್ನು ತಿದ್ದುವ ಕೆಲಸ ನನ್ನದು. ಪ್ರತಿ ಸಲ ಒಂದೇ ಪಾಡು. ಮೂರು ಪುಟ ತುಂಬಾ ಬರೆದಿರುತ್ತಾರೆ. ಭಾಷೆ ಚೆನ್ನಾಗಿರುತ್ತದೆ, ಸಿಟ್ಟೂ ಇರುತ್ತದೆ. ಓದಿ ಮುಗಿಸಿ ನಾನು ಕೇಳುತ್ತೇನೆ: "ಹಾಗಾದರೆ ಏನಾಗಬೇಕು ಅಂತೀರಿ?" ಅವರು ಬಾಯಲ್ಲಿ ಅಚ್ಚುಕಟ್ಟಾಗಿ ಒಂದು ಉತ್ತರ ಕೊಡುತ್ತಾರೆ. ಆ ಉತ್ತರ ಮೂರು ಪುಟಗಳಲ್ಲಿ ಎಲ್ಲಿಯೂ ಇರುವುದಿಲ್ಲ!

ಕಾಲೇಜಿಗೆ ಹೋಗುವ ಮಕ್ಕಳಿಗೆ ಕ್ಲೇಮ್ (ನಿಲುವು), ಎವಿಡೆನ್ಸ್ (ಪುರಾವೆ), ಕೌಂಟರ್ (ಎದುರುವಾದ) ಎಲ್ಲ ಬಾಯಿಪಾಠ. ಆದರೂ ಎಡವುತ್ತಾರೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದು ತಪ್ಪಿದರೆ ಪದಗಳು ಗೊತ್ತಿದ್ದೂ ಉಪಯೋಗವಿಲ್ಲ. ಹಾಗಾಗಿ ಇಲ್ಲಿ ಪದಗಳ ಅರ್ಥವನ್ನು ಕೆಲಸದ ಕ್ರಮದಲ್ಲೇ ಹೇಳುತ್ತೇನೆ.

ಉದಾಹರಣೆಗೆ ಒಂದೇ ವಾದವನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ನಮ್ಮ ತರಗತಿಗೆ ಮುಂಬೈ ಹತ್ತಿರದ ಡೊಂಬಿವಲಿಯಿಂದ ಒಬ್ಬರು ಅಕ್ಕ ಬರುತ್ತಾರೆ. ಅವರ ಸೊಸೈಟಿಯಲ್ಲಿ, ಅಂದರೆ ಅವರಿರುವ ಫ್ಲ್ಯಾಟುಗಳ ಕಟ್ಟಡದಲ್ಲಿ, ಒಂದು ನೋಟಿಸ್ ಅಂಟಿಸಿದರು: ಡೆಲಿವರಿಯವರು ಸರ್ವಿಸ್ ಲಿಫ್ಟ್ (ಸಾಮಾನು ಸಾಗಿಸುವ ಲಿಫ್ಟ್) ಮಾತ್ರ ಬಳಸಬೇಕು. ಆ ಲಿಫ್ಟೋ, ವಾರದಲ್ಲಿ ಎರಡು ದಿನ ಕೆಟ್ಟು ನಿಲ್ಲುತ್ತದೆ. ಹುಡುಗರು ನೀರಿನ ಕ್ಯಾನ್ ಹೊತ್ತು ಒಂಬತ್ತನೇ ಮಹಡಿ ಹತ್ತುತ್ತಾರೆ. ಅಕ್ಕನಿಗೆ ಜನರಲ್ ಬಾಡಿ ಮೀಟಿಂಗ್‌ನಲ್ಲಿ ಇದರ ಬಗ್ಗೆ ಮಾತಾಡಬೇಕಿತ್ತು. ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಮರಾಠಿಗೆ ತಿರುಗಿಸುವ ಯೋಚನೆ.

## ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಹಳೆ ಕಾಗದ ಹರಿದು ಮಾಡಿದ ಹತ್ತು-ಹನ್ನೆರಡು ಚೀಟಿ. ಜೊತೆಗೆ ನಿಮ್ಮ ಮಾತನ್ನು ಒಪ್ಪದ ಒಬ್ಬ ಮನುಷ್ಯ. ಇದೊಂದನ್ನು ಹುಡುಕುವುದೇ ಕಷ್ಟ, ಯಾಕೆಂದರೆ ನಾವು ಸಾಮಾನ್ಯವಾಗಿ ನಮಗೆ ತಲೆಯಾಡಿಸುವವರ ಜೊತೆಗೇ ಚಹಾ ಕುಡಿಯುತ್ತೇವೆ.

ಮೊದಲ ಎರಡು ಹಂತ ಮುಗಿಯುವ ತನಕ ಮೊಬೈಲ್ ತೆರೆಯಬೇಡಿ. ಹುಡುಕಾಟದಿಂದ ಶುರು ಮಾಡಿದರೆ ಬೇರೆಯವರ ವಾದ ತಲೆಗೆ ಹೊಕ್ಕಿಬಿಡುತ್ತದೆ. ಆಮೇಲೆ ನಿಮ್ಮದು ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

## 1. ವಿಷಯವನ್ನು ಪ್ರಶ್ನೆಯಾಗಿ ಬದಲಿಸಿ

"ಮುಂಬೈಯಲ್ಲಿ ಕನ್ನಡ" ಎಂಬುದು ವಿಷಯ. ಅದರ ಮೇಲೆ ಏನು ಬೇಕಾದರೂ ಬರೆಯಬಹುದು, ಆದ್ದರಿಂದ ಏನನ್ನೂ ಹೇಳದೆಯೇ ಮುಗಿಸಬಹುದು. ವಾದ ಹುಟ್ಟಬೇಕಾದರೆ ಪ್ರಶ್ನೆ ಬೇಕು, ಆ ಪ್ರಶ್ನೆಗೆ ಕನಿಷ್ಠ ಎರಡು ಉತ್ತರ ಸಾಧ್ಯವಿರಬೇಕು.

ಪರೀಕ್ಷೆ ಸುಲಭ. ತಿಳಿವಳಿಕೆ ಇರುವ, ಒಳ್ಳೆಯ ಮನಸ್ಸಿನ ಒಬ್ಬರು ಇದಕ್ಕೆ "ಬೇಡ" ಅನ್ನಬಹುದೇ? "ಕನ್ನಡ ಉಳಿಯಬೇಕೇ?" ಅಂತ ಸಂಘದ ಸಭೆಯಲ್ಲಿ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಅಲ್ಲಿ ವಾದ ಇಲ್ಲ, ಚಪ್ಪಾಳೆ ಇದೆ ಅಷ್ಟೇ. "ಸಂಘದ ದುಡ್ಡಿನಲ್ಲಿ ನಾಟಕಕ್ಕಿಂತ ಮಕ್ಕಳ ಕನ್ನಡ ತರಗತಿಗೆ ಜಾಸ್ತಿ ಖರ್ಚು ಮಾಡಬೇಕೇ?" ಅಂತ ಕೇಳಿ ನೋಡಿ. ಅರ್ಧ ಸಭೆ ಎದ್ದು ನಿಲ್ಲುತ್ತದೆ.

ಪ್ರಶ್ನೆಗಳಲ್ಲಿ ಮೂರು ಜಾತಿ: ಏನು ನಡೆಯುತ್ತಿದೆ, ಅದು ಸರಿಯೇ, ಏನು ಮಾಡಬೇಕು. ನಿಮ್ಮದು ಯಾವುದು ಅಂತ ಈಗಲೇ ಗುರುತು ಹಾಕಿಕೊಳ್ಳಿ. ಒಂದರಲ್ಲಿ ಶುರುಮಾಡಿ ಇನ್ನೊಂದರಲ್ಲಿ ಮುಗಿಸುವವರು ತುಂಬಾ ಜನ.

## 2. ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಪ್ರಶ್ನೆಗೆ ನೀವು ಕೊಡುವ ಉತ್ತರವೇ ನಿಲುವು. ರುಚಿಯೂ ಅಭಿಪ್ರಾಯವೇ, ಆದರೆ ಅದು ನಿಲುವಾಗುವುದಿಲ್ಲ. "ಮಾಟುಂಗಾದ ಇಡ್ಲಿ ನನಗೆ ಇಷ್ಟ" ಅಂದರೆ ಯಾರೂ ಕಾರಣ ಕೇಳುವುದಿಲ್ಲ. ಕಾರಣ ಕೇಳುವ ಹಕ್ಕು ಎದುರಿನವರಿಗೆ ಎಲ್ಲಿ ಬರುತ್ತದೋ ಅಲ್ಲಿ ನಿಲುವು ಶುರುವಾಗುತ್ತದೆ.

ಅಕ್ಕನ ಮೊದಲ ವಾಕ್ಯ: "ನಮ್ಮ ಸೊಸೈಟಿಯಲ್ಲಿ ಮನುಷ್ಯತ್ವವೇ ಇಲ್ಲ." ಇದು ಬೈಗುಳ. ಎರಡನೆಯದು: "ಡೆಲಿವರಿ ಹುಡುಗರನ್ನು ಗೌರವದಿಂದ ನೋಡಬೇಕು." ಇದಕ್ಕೆ ಸೆಕ್ರೆಟರಿಯೂ ಹೂಂ ಅಂದು ಮನೆಗೆ ಹೋಗುತ್ತಾರೆ, ನೋಟಿಸ್ ಹಾಗೇ ಇರುತ್ತದೆ. ಮೂರನೆಯದು: "ಸರ್ವಿಸ್ ಲಿಫ್ಟ್ ಕೆಟ್ಟ ದಿನಗಳಲ್ಲಿ ಡೆಲಿವರಿಯವರು ಮುಖ್ಯ ಲಿಫ್ಟ್ ಬಳಸಲು ಕಮಿಟಿ ಬಿಡಬೇಕು." ಈಗ ಯಾರು, ಏನು, ಯಾವಾಗ ಮೂರೂ ಬಂದವು.

ಆ ವಾಕ್ಯದಲ್ಲಿ "ಕೆಟ್ಟ ದಿನಗಳಲ್ಲಿ" ಅಂತ ಇದೆಯಲ್ಲ, ಅದಕ್ಕೆ ಮಿತಿ ಅನ್ನೋಣ. ನಿಮ್ಮ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಅಂತ ನೀವೇ ಹಾಕುವ ಬೇಲಿ ಅದು. ಮಿತಿ ಹಾಕಿದರೆ ವಾದ ದುರ್ಬಲವಾಗುತ್ತದೆ ಅಂತ ಹೊಸಬರು ಹೆದರುತ್ತಾರೆ. ನಿಜ ಏನೆಂದರೆ, ಬೇಲಿ ಚಿಕ್ಕದಾದಷ್ಟೂ ಕಾಯುವುದು ಸುಲಭ.

ಎಚ್ಚರಿಕೆಯ ಗುರುತು: ನಿಮ್ಮ ವಾಕ್ಯದಲ್ಲಿ ಎಲ್ಲರೂ, ಯಾವಾಗಲೂ, ಎಂದಿಗೂ, ಖಂಡಿತವಾಗಿ ಅನ್ನುವ ಪದಗಳಿದ್ದರೆ ಕೆಳಗೆ ಗೆರೆ ಎಳೆಯಿರಿ. ನಿಮ್ಮನ್ನು ಸೋಲಿಸಲು ಎದುರಿನವರಿಗೆ ಒಂದೇ ಒಂದು ಉದಾಹರಣೆ ಸಾಕಾಗುತ್ತದೆ.

## 3. ಕಾರಣ ಒಂದು ಚೀಟಿ, ಪುರಾವೆ ಇನ್ನೊಂದು ಚೀಟಿ

ಅತಿ ಹೆಚ್ಚು ತಪ್ಪು ನಡೆಯುವ ಎರಡು ಜಾಗಗಳಲ್ಲಿ ಇದು ಮೊದಲನೆಯದು. ಕಾರಣ ಅಂದರೆ ನಿಮ್ಮ ತಲೆಯೊಳಗಿನ "ಯಾಕೆಂದರೆ". ಪುರಾವೆ ನಿಮ್ಮ ತಲೆಯ ಹೊರಗೆ ಇರುತ್ತದೆ, ಬೇರೆಯವರೂ ಹೋಗಿ ನೋಡಬಹುದು. "ತೋರಿಸಿ" ಅಂದಾಗ ತೋರಿಸಲು ಏನಾದರೂ ಇದ್ದರೆ ಪುರಾವೆ, ಇಲ್ಲದಿದ್ದರೆ ಕಾರಣ.

ನೀಲಿ ಪೆನ್ನಲ್ಲಿ ಕಾರಣ ಬರೆಯಿರಿ, ಚೀಟಿಗೆ ಒಂದು. ಕೆಂಪು ಪೆನ್ನಲ್ಲಿ ಪುರಾವೆ, ಅದೂ ಚೀಟಿಗೆ ಒಂದು. ಮೇಜಿನ ಮೇಲೆ ಹರಡಿ. ನೀಲಿ ಚೀಟಿಯ ಪಕ್ಕ ಕೆಂಪು ಇಲ್ಲದಿದ್ದರೆ ಅದನ್ನು ಸದ್ಯಕ್ಕೆ ಬದಿಗಿಡಿ. ಅಕ್ಕನ ಮೇಜಿನ ಮೇಲೆ ಮೊದಲ ದಿನ ಏಳು ನೀಲಿ ಇದ್ದವು. ಕೆಂಪು ಒಂದೂ ಇರಲಿಲ್ಲ. ಅವರು ಎರಡು ವಾರ ಬೆಳಗ್ಗೆ-ಸಂಜೆ ಲಿಫ್ಟ್ ನೋಡಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿದರು. 14 ದಿನಗಳಲ್ಲಿ 5 ದಿನ ಕೆಟ್ಟಿತ್ತು. ಇದು ಪುರಾವೆ. 20 ಲೀಟರ್ ಕ್ಯಾನಿನ ನೀರೇ 20 ಕಿಲೋ ತೂಗುತ್ತದೆ, ಇದೂ ಪುರಾವೆ. "ಪಾಪ, ಹುಡುಗರಿಗೆ ಎಷ್ಟು ಕಷ್ಟ" ಅನ್ನುವುದು ನೀಲಿ ಚೀಟಿಯದು.

ಪುರಾವೆ ಸಿಕ್ಕಿತು ಅಂತ ಹಿಗ್ಗಬೇಡಿ, ಹತ್ತಿರ ಹೋಗಿ ನೋಡಿ. ಜುಲೈಯಲ್ಲಿ ಪುಣೆಗೆ ಹೋಗುವಾಗ ಖಂಡಾಲಾ ಘಾಟಿನಲ್ಲಿ ಬೆಟ್ಟದಿಂದ ಹೊಗೆ ಏಳುವಂತೆ ಕಾಣುತ್ತದೆ. ಅದು ಮಂಜು. ದೂರದಿಂದ ಎರಡೂ ಒಂದೇ.

ನಮ್ಮ ತರಗತಿಯಲ್ಲಿ ಮಂಜನ್ನು ಹೊಗೆ ಅಂದುಕೊಳ್ಳುವುದು ಕಾನೂನಿನ ವಿಷಯದಲ್ಲಿ ಜಾಸ್ತಿ. "ಹೊರನಾಡಿನಲ್ಲಿ ಕನ್ನಡ ಶಾಲೆ ನಡೆಸುವುದನ್ನು ಸಂವಿಧಾನ ಕಡ್ಡಾಯ ಮಾಡಿದೆ" ಅಂತ ಬರೆದು 350ಎ ವಿಧಿಯ ಹೆಸರು ಹೇಳುತ್ತಾರೆ. 1956ರ ಏಳನೇ ತಿದ್ದುಪಡಿಯಲ್ಲಿ ಬಂದ ಆ ವಿಧಿ ಮುಖ್ಯವಾಗಿ ಹೇಳುವುದು ಇಷ್ಟು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ಪ್ರಯತ್ನಿಸಬೇಕು. "ಪ್ರಯತ್ನಿಸಬೇಕು", ಮತ್ತು "ಪ್ರಾಥಮಿಕ ಹಂತದಲ್ಲಿ". ಈ ಎರಡು ಮಾತು ಬಿಟ್ಟರೆ ಪುರಾವೆ ನಿಮ್ಮ ಕೈಯಲ್ಲೇ ಮುರಿಯುತ್ತದೆ. ಇಟ್ಟುಕೊಂಡರೆ ಒಳ್ಳೆಯ ವಾದವೇ ಆಗುತ್ತದೆ: ಮುಂಬೈ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಆ ಪ್ರಯತ್ನ ಸಾಕೇ ಅಂತ ಕೇಳಬಹುದು.

ಇನ್ನೊಂದು ನಮ್ಮದೇ ಕಾಯಿಲೆ ಇದೆ, ಗಾದೆಯನ್ನು ಪುರಾವೆ ಅಂದುಕೊಳ್ಳುವುದು. "ಮಕ್ಕಳು ಮನೆಯಲ್ಲಿ ಎದುರು ಮಾತಾಡಬಹುದೇ?" ಅಂತ ವಿಷಯ ಕೊಟ್ಟಿದ್ದೆ. ಒಬ್ಬರು "ಮಾತು ಬಲ್ಲವನಿಗೆ ಜಗಳವಿಲ್ಲ" ಅಂತ ಬರೆದರು, ಇನ್ನೊಬ್ಬರು "ಮಾತು ಬೆಳ್ಳಿ, ಮೌನ ಬಂಗಾರ" ಅಂದರು. ಇಬ್ಬರೂ ಗೆದ್ದೆವು ಅಂದುಕೊಂಡಿದ್ದರು. ಗಾದೆ ಒಗ್ಗರಣೆಗೆ ಚೆನ್ನ. ಅದರಿಂದಲೇ ಸಾರು ಆಗುವುದಿಲ್ಲ.

## 4. ಕೊಂಡಿ ಹಾಕಿ

ತಪ್ಪು ಜಾಸ್ತಿ ಆಗುವ ಎರಡನೇ ಜಾಗ ಇದು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಪುರಾವೆ ಇದೆ, ನಿಲುವು ಇದೆ. ಇದರಿಂದ ಅದು ಹೇಗೆ ಬಂತು? ಆ ಸೇತುವೆಯನ್ನು ಬರೆಯುವವರು ಬಿಟ್ಟುಬಿಡುತ್ತಾರೆ, ಯಾಕೆಂದರೆ ಅವರಿಗೆ ಅದು ಹೇಳಬೇಕಾದ ಮಾತೇ ಅನ್ನಿಸುವುದಿಲ್ಲ. ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದವನ್ನು ಆರು ಭಾಗ ಮಾಡಿ ತೋರಿಸಿದರು: ನಿಲುವು, ಪುರಾವೆ, ಇವೆರಡನ್ನೂ ಸೇರಿಸುವ ಕೊಂಡಿ, ಕೊಂಡಿಗೆ ಬೆಂಬಲ, ಮಿತಿ, ಅಪವಾದ (ಆ ಮಾತು ನಿಲ್ಲದ ಸಂದರ್ಭ). ಇಂಗ್ಲಿಷ್ ಮಾಧ್ಯಮದ ಮಕ್ಕಳು "ವಾರಂಟ್" ಅಂತ ಕಲಿಯುವುದು ಈ ಕೊಂಡಿಯನ್ನೇ. ಪೊಲೀಸ್ ವಾರಂಟ್ ನೆನಪಾಗಿ ಗಲಿಬಿಲಿ ಆಗುತ್ತಾರೆ, ಅವರ ತಪ್ಪಲ್ಲ.

ನಮ್ಮ ನ್ಯಾಯದರ್ಶನದಲ್ಲಿ, ಅಂದರೆ ಹಳೆಯ ಭಾರತೀಯ ತರ್ಕಶಾಸ್ತ್ರದಲ್ಲಿ, ಇದೇ ಕೆಲಸಕ್ಕೆ ಐದು ಅವಯವಗಳಿವೆ (ಭಾಗಗಳಿವೆ). ಬೆಟ್ಟದಲ್ಲಿ ಬೆಂಕಿ ಇದೆ: ಇದು ಪ್ರತಿಜ್ಞೆ. ಯಾಕೆಂದರೆ ಅಲ್ಲಿ ಹೊಗೆ ಇದೆ: ಇದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ನೋಡಿದ ಹಾಗೆ: ಇದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದ್ದೇ ಹೊಗೆ ಇದೆ: ಉಪನಯ. ಆದ್ದರಿಂದ ಬೆಂಕಿ ಇದೆ: ನಿಗಮನ. ನಾವೆಲ್ಲ ಮೊದಲ ಎರಡನ್ನು ಹೇಳಿ ನೇರವಾಗಿ ಐದಕ್ಕೆ ಹಾರುತ್ತೇವೆ. ಅಡುಗೆಮನೆ ಬಿಟ್ಟುಹೋಗುತ್ತದೆ. ಆದರೆ "ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ" ಅನ್ನುವುದೇ ಇಲ್ಲಿಯ ಕೊಂಡಿ. ಕೇಳುವವನು ಅದನ್ನು ಒಪ್ಪದಿದ್ದರೆ ನೀವು ಎಷ್ಟು ಹೊಗೆ ತೋರಿಸಿದರೂ ಅಷ್ಟೇ.

ಕೊಂಡಿ ಹುಡುಕುವ ವಿಧಾನ: ಕೆಂಪು ಚೀಟಿ ಓದಿ, "ಇದ್ದರೆ ಏನಂತೆ?" ಅಂತ ಒರಟಾಗಿ ಕೇಳಿ. "14 ದಿನಗಳಲ್ಲಿ 5 ದಿನ ಸರ್ವಿಸ್ ಲಿಫ್ಟ್ ಕೆಟ್ಟಿತ್ತು." ಇದ್ದರೆ ಏನಂತೆ? ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾವೇ ಮಾಡಿದ ನಿಯಮ ಪಾಲಿಸಲು ನಾವೇ ದಾರಿ ಕೊಡದಿದ್ದರೆ ಆ ನಿಯಮದಿಂದ ಆಗುವ ಕಷ್ಟಕ್ಕೂ ನಾವೇ ಹೊಣೆ." ಇಷ್ಟು ಹೊತ್ತು ಎಲ್ಲಿ ಅಡಗಿತ್ತೋ ಈ ಮಾತು! ಚೀಟಿಯಲ್ಲಿ ಬರೆಸಿದೆ.

ಕೊಂಡಿ ಕೇಳುವವರನ್ನು ನೋಡಿ ಬದಲಾಗುತ್ತದೆ. ಕಮಿಟಿಯಲ್ಲಿ ಈ ನೀತಿಯ ಮಾತು ತಟ್ಟದವರೂ ಇರುತ್ತಾರೆ. ಅವರಿಗೆ ಇನ್ನೊಂದು ಕೊಂಡಿ: "ಹುಡುಗ ಮೆಟ್ಟಿಲು ಹತ್ತಿ ಬಂದರೆ ನಮ್ಮ ಸಾಮಾನು ತಡವಾಗುತ್ತದೆ." ಎರಡರಲ್ಲಿ ಒಂದನ್ನು ಮುಂದೆ ಇಡಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕರುಣೆ ನಾಟಕದಂತೆ ಕೇಳಿಸುತ್ತದೆ.

## 5. ಎದುರಿನವರ ಪರವಾಗಿ ಬರೆಯಿರಿ

ಈಗ ಆ ಒಪ್ಪದ ಮನುಷ್ಯನ ಕೆಲಸ. ಅವರನ್ನು ಕೂರಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹಳೆಯ ಪಂಡಿತರು ಇದನ್ನು ಪೂರ್ವಪಕ್ಷ ಅನ್ನುತ್ತಿದ್ದರು. ಅದನ್ನು ಮಂಡಿಸಿದ ಮೇಲೆ ಮಾತ್ರ ತಮ್ಮ ಸಿದ್ಧಾಂತ.

ಮಳೆಗಾಲದಲ್ಲಿ ಊರಿನ ಕಡೆಯಿಂದ ತಾಳಮದ್ದಳೆ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ವಾಲಿವಧೆ ಪ್ರಸಂಗ ಇದ್ದರೆ ಹೋಗಿ ಕೂತು ಕೇಳಿ. ವೇಷವಿಲ್ಲ, ಕುಣಿತವಿಲ್ಲ; ಹಾಡು, ಮದ್ದಳೆ, ಉಳಿದದ್ದೆಲ್ಲ ಮಾತು. ಬಿದ್ದಿರುವ ವಾಲಿ ಕೇಳುತ್ತಾನೆ: ನಿನಗೂ ನನಗೂ ಹಗೆ ಇರಲಿಲ್ಲ, ಎದುರಿಗೆ ಬರದೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮನ ಅರ್ಥ (ಪಾತ್ರದ ಮಾತು) ಹೇಳುವವರು ಇದನ್ನು ತೇಲಿಸಿ, ವಾಲಿ ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಪಾಪದ ಬಗ್ಗೆಯೇ ಅರ್ಧ ಗಂಟೆ ಮಾತಾಡಿದರೆ ಸಭೆಗೆ ಸಮಾಧಾನವಾಗುವುದಿಲ್ಲ. ವಾಲಿಗೆ ಶಿಕ್ಷೆ ಯಾಕೆ ಅನ್ನುವುದು ಬೇರೆ ಪ್ರಶ್ನೆ. ಮರೆಯಿಂದ ಯಾಕೆ ಅನ್ನುವುದು ಬೇರೆ. ಒಳ್ಳೆಯ ಅರ್ಥಧಾರಿ ಎರಡನೆಯದನ್ನು ಎತ್ತಿಕೊಂಡೇ ಉತ್ತರಿಸುತ್ತಾರೆ. ವಾಲಿಯ ಅರ್ಥ ಗಟ್ಟಿ ಇದ್ದಷ್ಟೂ ರಾಮನ ಉತ್ತರಕ್ಕೆ ತೂಕ.

ನೀವು ಮಾಡಬೇಕಾದ್ದು ಮೂರು. ಎದುರುವಾದವನ್ನು ಬರೆದು ಆ ಮನುಷ್ಯನಿಗೇ ತೋರಿಸಿ, "ಹೌದು, ನಾನು ಹೇಳಿದ್ದು ಇದೇ" ಅನ್ನಿಸಿಕೊಳ್ಳಿ. ಆಮೇಲೆ ಅದರಲ್ಲಿ ಒಪ್ಪುವಂಥದ್ದನ್ನು ಒಪ್ಪಿಬಿಡಿ. ಉಳಿದದ್ದಕ್ಕೆ ಮರುತ್ತರ ಕೊಡಿ.

ಅಕ್ಕ ಕೂರಿಸಿಕೊಂಡಿದ್ದು ತಮ್ಮ ಯಜಮಾನರನ್ನೇ. ಅವರ ಆಕ್ಷೇಪ ಎರಡು: ಬೆಳಗ್ಗೆ ಎಂಟಕ್ಕೆ ಮಕ್ಕಳು ಶಾಲೆಗೆ ಹೊರಡುವಾಗ ನೂಕುನುಗ್ಗಲು, ಮತ್ತು ಕ್ಯಾನಿನ ಭಾರಕ್ಕೆ ಲಿಫ್ಟ್ ಹಾಳಾಗುತ್ತದೆ. ಮೊದಲನೆಯದು ನಿಜ. ಅಕ್ಕ ಒಪ್ಪಿಕೊಂಡು "ಬೆಳಗಿನ ಆ ಒಂದು ಗಂಟೆ ಬಿಟ್ಟು" ಅಂತ ನಿಲುವಿಗೆ ಇನ್ನೊಂದು ಮಿತಿ ಸೇರಿಸಿದರು. ಎರಡನೆಯದಕ್ಕೆ ಲಿಫ್ಟಿನೊಳಗೇ ಹೋಗಿ ನೋಡಿದರು. ಫಲಕದಲ್ಲಿ ಬರೆದಿತ್ತು: 8 ಜನ, 544 ಕೆ.ಜಿ. ಅಂದರೆ ತಲೆಗೆ 68 ಕಿಲೋ ಲೆಕ್ಕ. ಹುಡುಗ ಮತ್ತು ಒಂದು ಕ್ಯಾನ್ ಸೇರಿದರೂ ಇಬ್ಬರ ಲೆಕ್ಕಕ್ಕೆ ಬರುವುದಿಲ್ಲ. ಯಜಮಾನರು ಪೇಪರ್ ಎತ್ತಿಕೊಂಡರು.

ಎಚ್ಚರಿಕೆಯ ಗುರುತು: ನಿಮ್ಮ ಎದುರುವಾದ ಎರಡೇ ಸಾಲಿನಲ್ಲಿ ಸತ್ತು ಬಿದ್ದರೆ, ನೀವು ಹೊಡೆದದ್ದು ಬೆರ್ಚಪ್ಪನಿಗೆ. "ಬಡವರನ್ನು ಕಂಡರೆ ಇವರಿಗೆ ಆಗುವುದಿಲ್ಲ" ಅಂತ ಕಮಿಟಿಯ ಬಾಯಲ್ಲಿ ಮಾತು ತುರುಕುವುದು ಅಂಥದ್ದು. ಅವರು ಹಾಗೆ ಹೇಳಿಯೇ ಇಲ್ಲ ಅಲ್ವಾ?

## 6. ಜೋಡಿಸಿ

ಇಷ್ಟು ಚೀಟಿ ಸಿದ್ಧವಾದ ಮೇಲೆಯೇ ಪ್ರಬಂಧ ಶುರು. ಬರೆಯುವ ಕ್ರಮ ಬೇರೆ, ಓದಿಸುವ ಕ್ರಮ ಬೇರೆ. ಮೊದಲು ನಡುವಿನ ಪ್ಯಾರಾಗಳನ್ನು ಬರೆಯಿರಿ: ಒಂದು ಕಾರಣ, ಅದರ ಪುರಾವೆ, ಕೊಂಡಿ, ಮುಗಿಯಿತು. ಪೀಠಿಕೆ ಕೊನೆಗೆ. ಪೀಠಿಕೆಯಿಂದ ಶುರುಮಾಡಿದವರು ಅದರಲ್ಲೇ ಒಂದು ಪುಟ ಮುಗಿಸಿರುತ್ತಾರೆ.

ನಿಲುವು ಮೊದಲ ಪ್ಯಾರಾದಲ್ಲೇ ಕಾಣಲಿ. ಗಟ್ಟಿ ಕಾರಣ ಕೊನೆಗಿರಲಿ, ಎರಡನೇ ಗಟ್ಟಿಯದು ಮೊದಲು. ಸಪ್ಪೆ ಕಾರಣ ಇದ್ದರೆ ಬಿಸಾಡಿ, ನಡುವೆ ಬಚ್ಚಿಡಬೇಡಿ. ಓದುವವರು ಗಟ್ಟಿಯದನ್ನು ಬಿಟ್ಟು ಅದನ್ನೇ ಹಿಡಿದು ಎಳೆಯುತ್ತಾರೆ. ಕೇಳುವವರು ನಿಮ್ಮ ವಿರುದ್ಧ ಇದ್ದಾರೆ ಅಂತ ಗೊತ್ತಿದ್ದರೆ ಎದುರುವಾದವನ್ನು ಆರಂಭಕ್ಕೇ ತನ್ನಿ.

ಕೇಳುವವರನ್ನು ಒಪ್ಪಿಸಲು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಹೇಳಿದ ಮೂರು ದಾರಿಗಳಿವೆ: ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನ ತರ್ಕ. ಭಾವನೆಯನ್ನು ಪೂರ್ತಿ ಬಿಡಬೇಕಿಲ್ಲ. ಕ್ಯಾನ್ ಹೊತ್ತ ಹುಡುಗ ಐದನೇ ಮಹಡಿಯಲ್ಲಿ ನಿಂತು ಭುಜ ಬದಲಾಯಿಸುವುದನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಎರಡನೇ ಸಾಲಿಗೆ ಜನ ಗಡಿಯಾರ ನೋಡುತ್ತಾರೆ.

## 7. ಹುಸಿ ಹೇತುಗಳನ್ನು ಹೆಕ್ಕಿ ತೆಗೆಯಿರಿ

ಹೇತುವಿನಂತೆ ಕಂಡು ಹೇತು ಅಲ್ಲದ್ದಕ್ಕೆ ಹೇತ್ವಾಭಾಸ ಅಂತ ಹೆಸರು. ಪಟ್ಟಿ ಉದ್ದ ಇದೆ, ಎಲ್ಲ ಕಲಿಯಬೇಕಿಲ್ಲ. ನನ್ನ ಕೆಂಪು ಪೆನ್ನಿಗೆ ಪದೇ ಪದೇ ಸಿಗುವವು ಇವು.

ಮಾತು ಬಿಟ್ಟು ವ್ಯಕ್ತಿಯ ಮೇಲೆ ಹೋಗುವುದು: "ಸೆಕ್ರೆಟರಿಯೇ ಮೆಂಟೆನೆನ್ಸ್ ಬಾಕಿ ಇಟ್ಟಿದ್ದಾರೆ, ಅವರೇನು ಹೇಳುವುದು?" ಬಾಕಿ ಇರಬಹುದು. ಲಿಫ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಜಾರುಬಂಡೆ: "ಇವತ್ತು ಲಿಫ್ಟ್ ಬಿಟ್ಟರೆ ನಾಳೆ ಕ್ಲಬ್‌ಹೌಸ್, ನಾಡಿದ್ದು ಮನೆಯೊಳಗೆ." ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ತೋರಿಸದೆ ಹೆದರಿಸುವುದು.

ಸುತ್ತಿ ಬರುವುದು: "ಈ ನಿಯಮ ಸರಿ, ಯಾಕೆಂದರೆ ನಿಯಮ ಅಂದಮೇಲೆ ಪಾಲಿಸಲೇಬೇಕು." ನಿಯಮ ಸರಿಯೇ ಅನ್ನುವುದೇ ಪ್ರಶ್ನೆ ಆಗಿತ್ತಲ್ಲ.

ಆಮೇಲೆ ಆದದ್ದೆಲ್ಲ ಅದರಿಂದಲೇ ಆಯಿತು ಅನ್ನುವುದು: "ನೋಟಿಸ್ ಹಾಕಿದ ಮೇಲೆ ಕಳ್ಳತನ ಆಗಿಲ್ಲ." ಮೊದಲು ಆಗಿತ್ತೇ? ಅಕ್ಕ ವಾಚ್‌ಮನ್‌ನನ್ನು ಕೇಳಿದರು. ಮೊದಲೂ ಆಗಿರಲಿಲ್ಲ.

ಇವುಗಳನ್ನು ಎದುರಿನವರಲ್ಲಿ ಹುಡುಕುವುದು ಬಲು ಮಜಾ. ಆದರೆ ಈ ಹಂತದ ಕೆಲಸ ಅವನ್ನು ನಿಮ್ಮ ಬರಹದಲ್ಲಿ ಹುಡುಕುವುದು.

## 8. ಗಟ್ಟಿಯಾಗಿ ಓದಿ, ಆಮೇಲೆ ಬೇರೆ ಭಾಷೆಗೆ

ಬರೆದದ್ದನ್ನು ಒಂದು ರಾತ್ರಿ ಬಿಟ್ಟು ಗಟ್ಟಿಯಾಗಿ ಓದಿ. ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕರೆ ತುಟಿ ಅಲ್ಲಾಡಿಸಿಕೊಂಡು ಓದಬಹುದು, ಯಾರೂ ತಿರುಗಿ ನೋಡುವುದಿಲ್ಲ. ಪ್ರತಿ "ಆದ್ದರಿಂದ", "ಹೀಗಾಗಿ" ಬಂದಲ್ಲಿ ನಿಲ್ಲಿ. ಹಿಂದಿನ ವಾಕ್ಯದಿಂದ ಮುಂದಿನದು ನಿಜವಾಗಿ ಬರುತ್ತದೆಯೇ, ಇಲ್ಲ ಸುಮ್ನೆ ಅಂಟಿಸಿದ್ದೇ? ಅಂಟಿಸಿದ್ದಾದರೆ ನಾಲ್ಕನೇ ಹಂತಕ್ಕೆ ವಾಪಸ್.

ಮುಂಬೈಯಲ್ಲಿರುವ ನಮಗೆ ಇನ್ನೊಂದು ಕೆಲಸ ಇರುತ್ತದೆ. ಕನ್ನಡದಲ್ಲಿ ಯೋಚಿಸಿದ್ದನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಬೇಕು. ಭಾಷೆ ಬದಲಾದಾಗ ಮೊದಲು ಉದುರುವುದು ಮಿತಿಯ ಪದಗಳು, ಯಾಕೆಂದರೆ ಅವು ಚಿಕ್ಕವು. ತಿರುಗಿಸಿದ ಮೇಲೆ ಬೇರೇನೂ ನೋಡದಿದ್ದರೂ ನಿಲುವಿನ ವಾಕ್ಯವೊಂದನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ಅಕ್ಕನಿಗೆ ಮರಾಠಿ ಮಾಡಿಕೊಟ್ಟಿದ್ದು ಪಕ್ಕದ ಮನೆಯ ಕಾಲೇಜು ಹುಡುಗಿ. ಮಾತು ಚೆಂದ ಬಂದಿತ್ತು, ಆದರೆ "ಸರ್ವಿಸ್ ಲಿಫ್ಟ್ ಕೆಟ್ಟ ದಿನಗಳಲ್ಲಿ" ಅನ್ನುವುದೇ ಮಾಯ. ಮೀಟಿಂಗಿಗೆ ಹತ್ತು ನಿಮಿಷ ಇರುವಾಗ ಕಣ್ಣಿಗೆ ಬಿತ್ತು. ಅಕ್ಕ ಅದನ್ನು ಮರಾಠಿಯಲ್ಲಿ ಅಂಗೈ ಮೇಲೆ ಬರೆದುಕೊಂಡು ಕೆಳಗಿಳಿದರು, ಮೆಟ್ಟಿಲಲ್ಲಿ. ಅವತ್ತು ಮುಖ್ಯ ಲಿಫ್ಟೂ ಕೆಟ್ಟಿತ್ತು.